ಕಣ್ಣಲ್ಲಿ ನೀರು ಸುರಿಯುತ್ತೆ, ಆದರೂ ‘ಡ್ರೈ ಐ’ ಅಂತಾರೆ: ರೆಪ್ಪೆಯ ಎಣ್ಣೆ ಗ್ರಂಥಿ ಕಟ್ಟಿಕೊಂಡವರಿಗೆ ಅಂಗಡಿಯಲ್ಲಿ ಏನು ಹೇಳಬೇಕು?

ಮಾತ್ರೆಡಬ್ಬಿ, ಶಿಡ್ಲಘಟ್ಟ

ಶಿಡ್ಲಘಟ್ಟದಲ್ಲಿ ಮೆಡಿಕಲ್ ಸ್ಟೋರ್. ಬರುವವರಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆಯವರು, ಫಿಲೇಚರ್ (ನೂಲು ಬಿಚ್ಚೋ ಕಾರ್ಖಾನೆ) ಕೆಲಸದ ಹೆಂಗಸರು ಜಾಸ್ತಿ. ಎಲ್ಲರದೂ ಹೆಚ್ಚುಕಮ್ಮಿ ಒಂದೇ ದೂರು. ಕಣ್ಣುರಿ, ಮರಳು ಬಿದ್ದ ಹಾಗೆ ಚುಚ್ಚೋದು, ಸಂಜೆ ಹೊತ್ತಿಗೆ ಮಂಜು ಮಂಜು, ನಾಲ್ಕು ಸಲ ಮಿಟುಕಿಸಿದರೆ ಮತ್ತೆ ಸರಿ ಕಾಣೋದು, ಗಾಳಿಗೆ ಹೋದರೆ ನೀರು ಸುರಿಯೋದು. ಚೀಟಿಯಲ್ಲಿ ‘ಎಂಜಿಡಿ, ಡ್ರೈ ಐ’ (ಎಂಜಿಡಿ ಅಂದರೆ ರೆಪ್ಪೆಯ ಎಣ್ಣೆ ಗ್ರಂಥಿಯ ತೊಂದರೆ) ಅಂತ ಬರೆದು ಸಿಎಂಸಿ ಅನ್ನೋ ಕೃತಕ ಕಣ್ಣೀರಿನ ಡ್ರಾಪ್ಸ್ ಇರುತ್ತೆ, ಪಕ್ಕದಲ್ಲಿ ‘ಬಿಸಿ ಶಾಖ’ ಅಂತ ಎರಡೇ ಪದ. ಡ್ರಾಪ್ಸ್ ಕೊಂಡುಹೋಗ್ತಾರೆ, ಶಾಖ ಯಾರೂ ಕೊಟ್ಟುಕೊಳ್ಳಲ್ಲ, ಹತ್ತು ದಿನಕ್ಕೆ ಬಾಟಲಿ ಮುಗಿಸಿಕೊಂಡು ಮತ್ತೆ ಬರ್ತಾರೆ.

ನನಗೆ ಬೇಕಾಗಿರೋದು ಇಷ್ಟು. ನೀರು ಸುರಿಯೋ ಕಣ್ಣಿಗೆ ‘ಒಣ ಕಣ್ಣು’ ಅನ್ನೋದನ್ನ ಎರಡು ಮಾತಲ್ಲಿ ಹೇಗೆ ಬಿಡಿಸಿ ಹೇಳೋದು? ಶಾಖ ಅಂದರೆ ಎಷ್ಟು ಬಿಸಿ, ಎಷ್ಟು ಹೊತ್ತು, ಎಷ್ಟು ದಿನ? ಮೈಕ್ರೋವೇವ್ ಇಲ್ಲದ ಮನೆಗೆ ಆಗುವಂಥದ್ದು ಹೇಳಿ. ಯಾವ ಡ್ರಾಪ್ಸ್ ಯಾರಿಗೆ? ಯಾರನ್ನ ನಾನು ಕೌಂಟರಲ್ಲೇ ತಡೆದು ಕಣ್ಣಿನ ಡಾಕ್ಟರ ಹತ್ತಿರ ಕಳಿಸಬೇಕು?

ಸ್ಲಿಟ್‌ಲ್ಯಾಂಪ್, ಕೋಲಾರ

ಆಪ್ಟೊಮೆಟ್ರಿ (ಕಣ್ಣು ಪರೀಕ್ಷೆ ಮಾಡೋ ಕೆಲಸ) ಕಡೆಯಿಂದ ಬರೀತಿದೀನಿ. ಔಷಧದ ಭಾಗ ಡಾಕ್ಟರುಗಳು ಹೇಳಲಿ. ಶಾಖ, ತಿಕ್ಕೋದು, ತೊಳೆಯೋದು ನನ್ನ ಪಾಲು.

ಮೊದಲು ‘ಒಣ’ದ ವಿಷಯ. ಕಣ್ಣಿನ ಮೇಲಿರೋ ನೀರಿನ ಪೊರೆ ಮೇಲೆ ತೆಳ್ಳಗೆ ಎಣ್ಣೆಯ ಹೊದಿಕೆ ಇರುತ್ತೆ. ನೀರು ಆರದ ಹಾಗೆ ತಡೆಯೋದು ಅದೇ. ಆ ಎಣ್ಣೆ ಬರೋದು ರೆಪ್ಪೆಯೊಳಗಿನ ಮೈಬೋಮಿಯನ್ ಗ್ರಂಥಿಗಳಿಂದ. ಮೇಲಿನ ರೆಪ್ಪೆಯಲ್ಲಿ ಸುಮಾರು 25ರಿಂದ 40, ಕೆಳಗಿನದರಲ್ಲಿ 20ರಿಂದ 30, ಬಾಚಣಿಗೆ ಹಲ್ಲಿನ ಹಾಗೆ ಸಾಲಾಗಿ ನಿಂತಿರುತ್ತವೆ. ಬಾಯಿ ಮಾತ್ರ ರೆಪ್ಪೆಯ ಅಂಚಲ್ಲಿ, ಕೂದಲ ಸಾಲಿನ ಒಳಮಗ್ಗುಲಲ್ಲಿ. ಪ್ರತಿ ಸಲ ಕಣ್ಣು ಪೂರ್ತಿ ಮುಚ್ಚಿದಾಗ ಒಂದಿಷ್ಟು ಎಣ್ಣೆ ಹಿಂಡಿ ಬರುತ್ತೆ.

ಗಿರಾಕಿಗೆ ಹೇಳೋಕೆ ತುಪ್ಪದ ಉದಾಹರಣೆ ಸಾಕು. ಬೇಸಿಗೆಯಲ್ಲಿ ಜಾಡಿ ತುಪ್ಪ ತಾನಾಗಿ ಹರಿಯುತ್ತೆ, ಡಿಸೆಂಬರಲ್ಲಿ ಚಮಚ ಹಾಕಿ ಕೆರೆಯಬೇಕು. ಆರೋಗ್ಯದ ಗ್ರಂಥಿಯ ಎಣ್ಣೆ ರೆಪ್ಪೆಯ ಮಾಮೂಲಿ ಕಾವಿಗೇ ಕರಗಿರುತ್ತೆ. ಕೆಟ್ಟ ಗ್ರಂಥಿಯಲ್ಲಿ ಅದು ಗಟ್ಟಿಯಾಗಿ, ಕರಗೋಕೆ ಇನ್ನೂ ಕೆಲವು ಡಿಗ್ರಿ ಹೆಚ್ಚು ಕಾವು ಬೇಡುತ್ತೆ. ಬಾಯಲ್ಲಿ ಬಿರಡೆ ಕೂರುತ್ತೆ, ಒತ್ತಿದರೆ ಟೂತ್‌ಪೇಸ್ಟ್ ಥರ ಬರುತ್ತೆ. ಎಣ್ಣೆ ಹೊದಿಕೆ ಹರಿದಾಗ ನೀರು ಬೇಗ ಆರುತ್ತೆ, ಕಣ್ಣು ಕೆರಳಿ ಒಂದೇ ಸಲ ಧಾರಾಕಾರ ನೀರು ಬಿಡುತ್ತೆ. ಆ ನೀರಲ್ಲೂ ಎಣ್ಣೆ ಇಲ್ಲ, ಕೆನ್ನೆ ಮೇಲೆ ಹರಿದು ಹೋಗುತ್ತೆ. ಆದ್ದರಿಂದ ನೀರಿನ ಡ್ರಾಪ್ಸ್ ಹಾಕಿದ ಸ್ವಲ್ಪ ಹೊತ್ತು ತಂಪು, ಮತ್ತೆ ಅದೇ ಉರಿ. ಕೊರತೆ ಎಣ್ಣೆಯದು, ನಾವು ಸುರಿಯೋದು ನೀರು.

ಈಗ ಶಾಖ. ರೆಪ್ಪೆಯ ಒಳಮೈ 40 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಅದಕ್ಕೆ ಹೊರಗೆ 42ರಿಂದ 45 ಬೇಕು, 5ರಿಂದ 10 ನಿಮಿಷ ಬಿಡದೆ ಬೇಕು. ಎಡವೋದು ಇಲ್ಲೇ. ಬಿಸಿನೀರಲ್ಲಿ ಅದ್ದಿದ ಬಟ್ಟೆ ಎರಡು ನಿಮಿಷಕ್ಕೆ ಆರಿಹೋಗುತ್ತೆ. ‘ಬಟ್ಟೆ ಇಟ್ಟುಕೊಂಡೆ, ಏನೂ ಆಗಲಿಲ್ಲ’ ಅನ್ನೋರೆಲ್ಲ ಒಂದೇ ಬಟ್ಟೆಯನ್ನ ಹತ್ತು ನಿಮಿಷ ಇಟ್ಟುಕೊಂಡವರು. ಎಂಟು ನಿಮಿಷ ತಣ್ಣೀರು ಬಟ್ಟೆ ಕಟ್ಟಿಕೊಂಡ ಲೆಕ್ಕ ಅದು.

ಮೈಕ್ರೋವೇವ್ ಬೇಡ. ಚಪಾತಿ ಇಡೋ ಹಾಟ್‌ಬಾಕ್ಸ್ ಒಂದು, ಹಳೇ ಬನಿಯನ್ ಹರಿದ ಬಟ್ಟೆ ಎರಡು ತುಂಡು, ಪ್ರತಿ ತುಂಡೂ ನಾಲ್ಕು ಮಡಿಕೆ ಹಾಕಿದರೆ ಎರಡೂ ಕಣ್ಣು ಮುಚ್ಚುವಷ್ಟಿರಲಿ. ಹಾಟ್‌ಬಾಕ್ಸಿಗೆ ಮೊದಲು ಎರಡು ಲೋಟ ಕೊಳಾಯಿ ನೀರು, ಆಮೇಲೆ ಅದೇ ಅಳತೆಯ ಒಂದು ಲೋಟ ಕುದಿಯೋ ನೀರು. ನಮ್ಮ ಕಡೆ ಎತ್ತರಕ್ಕೆ ನೀರು ಕುದಿಯೋದು ಸುಮಾರು 97ಕ್ಕೆ, ಕೊಳಾಯಿ ನೀರು 25 ಇದ್ದರೆ ಬೆರೆತದ್ದು 49ರ ಹತ್ತಿರ ನಿಲ್ಲುತ್ತೆ. ಬಟ್ಟೆ ಅದ್ದಿ, ಹಿಂಡಿ, ಕಣ್ಣಿನ ಹತ್ತಿರ ತರುವಷ್ಟರಲ್ಲಿ 44-45ಕ್ಕೆ ಇಳಿದಿರುತ್ತೆ. ಚಳಿಗಾಲದಲ್ಲಿ ಕೊಳಾಯಿ ನೀರು 20 ಇದ್ದರೆ ಎರಡು ಲೋಟದ ಬದಲು ಒಂದೂವರೆ. ಮುಚ್ಚಳ ಮುಚ್ಚಿಡಿ. ಒಂದು ಬಟ್ಟೆ ಕಣ್ಣ ಮೇಲಿದ್ದಾಗ ಇನ್ನೊಂದು ಡಬ್ಬದಲ್ಲಿ, ಒಂದೂವರೆ ನಿಮಿಷಕ್ಕೊಮ್ಮೆ ಅದಲುಬದಲು. ಕೊನೆಯ ಎರಡು ನಿಮಿಷಕ್ಕೆ ನೀರು ಆರಿದೆ ಅನಿಸಿದರೆ ಕಾಲು ಲೋಟ ಬಿಸಿ ಸೇರಿಸಿ, ಬಟ್ಟೆಯನ್ನ ಹೊಸದಾಗಿ ಪರೀಕ್ಷೆ ಮಾಡಿ.

ಪರೀಕ್ಷೆ ಅಂದರೆ, ಹಿಂಡಿದ ಬಟ್ಟೆಯನ್ನ ಮೊದಲು ಮಣಿಕಟ್ಟಿನ ಒಳಭಾಗಕ್ಕೆ ಹತ್ತು ಸೆಕೆಂಡ್ ಇಟ್ಟು ನೋಡೋದು. ಅಲ್ಲಿ ತಡೆಯೋಕಾಗದಿದ್ದರೆ ರೆಪ್ಪೆಗೂ ಬೇಡ. ಗೂಡು ಹಾಕೋ ಬೇಸಿನ್ನಿನ ಬಿಸಿನೀರಲ್ಲಿ ದಿನವಿಡೀ ಕೈ ಅದ್ದಿದವರ ಬೆರಳು ಬಿಸಿಗೆ ಒಗ್ಗಿರುತ್ತೆ, ಬೆರಳಲ್ಲಿ ನೋಡಿ ‘ಪರವಾಗಿಲ್ಲ’ ಅಂದರೆ ನಂಬಬೇಡಿ. ಸಕ್ಕರೆ ಕಾಯಿಲೆಯಿಂದ ಕೈ ಜೋಮು ಹಿಡಿದವರಿಗೆ ಮನೆಯಲ್ಲಿ ಬೇರೆಯವರು ಮುಟ್ಟಿ ನೋಡಬೇಕು.

ಶಾಖ ಮುಗಿದ ಕೂಡಲೇ, ಎಣ್ಣೆ ಮತ್ತೆ ಹೆಪ್ಪುಗಟ್ಟುವ ಮುಂಚೆ, ತಿಕ್ಕೋದು. ಒಂದೆರಡು ನಿಮಿಷವೂ ಕಾಯಬಾರದು. ಕೈ ಸೋಪಲ್ಲಿ ತೊಳೆದಿರಲಿ, ಉಗುರು ಕತ್ತರಿಸಿರಲಿ. ಮೇಲಿನ ರೆಪ್ಪೆಗೆ ಕಣ್ಣು ಮುಚ್ಚಿ ನೋಟ ಕೆಳಕ್ಕೆ, ಬೆರಳು ಹುಬ್ಬಿನ ಕೆಳಗಿಂದ ರೆಪ್ಪೆಗೂದಲ ಕಡೆಗೆ. ಕೆಳಗಿನದಕ್ಕೆ ನೋಟ ಮೇಲಕ್ಕೆ, ಬೆರಳು ಕೆಳಗಿಂದ ಮೇಲಕ್ಕೆ. ಎರಡೂ ಕಡೆ ಗುರಿ ರೆಪ್ಪೆಯ ಅಂಚು, ಯಾಕೆಂದರೆ ಬಾಯಿ ಇರೋದು ಅಲ್ಲಿ. ಮೂಗಿನ ಕಡೆ, ನಡು, ಕಿವಿಯ ಕಡೆ, ಒಂದೊಂದು ಜಾಗಕ್ಕೆ ಐದು ಸಲ. ಅಡ್ಡಡ್ಡ ಉಜ್ಜಿದರೆ ಪ್ರಯೋಜನ ಇಲ್ಲ. ಗುಡ್ಡೆಗೆ ಒತ್ತಡ ಬೀಳಬಾರದು. ಬಿಸಿ ತಾಕಿದ ಕಣ್ಣನ್ನ ಜೋರಾಗಿ ಉಜ್ಜಿದರೆ ಕಾರ್ನಿಯಾದ (ಕಪ್ಪುಗುಡ್ಡೆಯ ಮುಂದಿನ ಪಾರದರ್ಶಕ ಪದರ) ಆಕಾರವೇ ಮಾರ್ಪಡಬಹುದು. ತಿಕ್ಕಿದ ಮೇಲೆ ಸ್ವಲ್ಪ ಹೊತ್ತು ನೋಟ ಮಂಜಾಗುತ್ತೆ, ಅದು ಎಣ್ಣೆ ಹೊರಬಂದಿದ್ದಕ್ಕೆ.

ತೊಳೆಯೋದು ಕೊನೆಗೆ. ರೆಪ್ಪೆ ಒರೆಸೋಕೆ ಅಂತಲೇ ಒದ್ದೆ ವೈಪ್ಸ್ ಬರುತ್ತೆ. ಇಲ್ಲದಿದ್ದರೆ ಕುದಿಸಿ ಆರಿಸಿದ ನೀರು ಹತ್ತು ಹನಿಗೆ ಬೇಬಿ ಶಾಂಪೂ ಒಂದು ಹನಿ, ಹತ್ತಿ ಕಡ್ಡಿ ಅದ್ದಿ, ಕಣ್ಣು ಮುಚ್ಚಿ ಕೂದಲ ಬುಡದಲ್ಲಿ ಉದ್ದಕ್ಕೆ ಒರೆಸಿ ತೊಳೆಯಬೇಕು. ಒಂದು ಕಣ್ಣಿಗೆ ಒಂದು ಕಡ್ಡಿ.

ಮೊದಲ ತಿಂಗಳು ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ. ಆಮೇಲೆ ದಿನಕ್ಕೊಮ್ಮೆ, ಬಿಡದೆ. ಮೂರನೇ ದಿನಕ್ಕೆ ಗುಣ ಕೇಳೋರು ಬಿಟ್ಟುಬಿಡ್ತಾರೆ, ಆದ್ದರಿಂದ ‘ಆರು ವಾರ ಮಾಡಿ ಆಮೇಲೆ ಮಾತಾಡಿ’ ಅಂತ ಮೊದಲೇ ಹೇಳಿ ಕಳಿಸಿ.

ರೆಪ್ಪೆಗೂದಲು, ತುಮಕೂರು

ಸ್ಲಿಟ್‌ಲ್ಯಾಂಪ್ ಅವರು ಹೇಳಿದ್ದಕ್ಕೆ ಒಂದೇ ತಕರಾರು, ಬೇಬಿ ಶಾಂಪೂ. ಕೂದಲ ಬುಡದ ಹೊಟ್ಟು ತೆಗೆಯಲು ಕೆಲಸಕ್ಕೆ ಬರುತ್ತದೆ ನಿಜ, ಆದರೆ ಕಣ್ಣೊಳಗೆ ಹೋದರೆ ಮೊದಲೇ ಹರಿದ ಪೊರೆಯನ್ನು ಇನ್ನೂ ಕದಡುತ್ತದೆ. ವೈಪ್ಸ್ ಕೊಳ್ಳುವ ಶಕ್ತಿ ಇದ್ದವರಿಗೆ ಅದೇ ಒಳ್ಳೆಯದು. ಇಲ್ಲದವರಿಗೆ ಬಿಸಿ ಬಟ್ಟೆಯ ಅಂಚಿನಿಂದ ಒರೆಸಿದರೂ ಎಷ್ಟೋ ಕೆಲಸ ಆಗುತ್ತದೆ.

ಮಾತ್ರೆಡಬ್ಬಿಯವರೇ, ನಿಮ್ಮ ಪ್ರಶ್ನೆಯಲ್ಲೇ ಒಂದು ಸುಳಿವಿದೆ, ನೀವು ಅದನ್ನು ದಾಟಿ ಹೋಗಿದ್ದೀರಿ. 10 ಮಿ.ಲೀ. ಬಾಟಲಿಯಲ್ಲಿ ಅಂದಾಜು 200 ಹನಿ. ದಿನಕ್ಕೆ ನಾಲ್ಕು ಸಲ, ಎರಡೂ ಕಣ್ಣಿಗೆ ಒಂದೊಂದು ಹನಿ ಎಂದರೆ 8 ಹನಿ, 25 ದಿನ ಬರಬೇಕು. ಹತ್ತು ದಿನಕ್ಕೆ ಖಾಲಿ ಎಂದರೆ ದಿನಕ್ಕೆ 20 ಹನಿ. ಒಂದೋ ಅವರು ಒಂದು ಸಲಕ್ಕೆ ಎರಡು ಮೂರು ಹನಿ ಹಾಕುತ್ತಿದ್ದಾರೆ, ಅದು ವ್ಯರ್ಥ. ರೆಪ್ಪೆಯ ಮಡಿಕೆಯಲ್ಲಿ ಒಂದು ಹನಿಯೇ ಪೂರ್ತಿ ಹಿಡಿಯುವುದಿಲ್ಲ. ಇಲ್ಲವೇ ದಿನಕ್ಕೆ ಹತ್ತು ಸಲ ಹಾಕುತ್ತಿದ್ದಾರೆ, ಅದು ಹಾನಿ. ಬಾಟಲಿ ಕೆಡದಂತೆ ಹಾಕುವ ಬೆಂಜಾಲ್ಕೋನಿಯಂ ಕ್ಲೋರೈಡ್ ಪದೇ ಪದೇ ಬಿದ್ದರೆ ಕಣ್ಣಿನ ಮೇಲ್ಪದರವನ್ನೇ ಸವೆಸುತ್ತದೆ, ಉರಿ ಹೆಚ್ಚುತ್ತದೆ, ಉರಿ ಹೆಚ್ಚಿತೆಂದು ಇನ್ನೂ ಹಾಕುತ್ತಾರೆ. ದಿನಕ್ಕೆ ನಾಲ್ಕಾರು ಸಲಕ್ಕಿಂತ ಹೆಚ್ಚು ಬೇಕಾದವರಿಗೆ ಪ್ರಿಸರ್ವೇಟಿವ್ ಇಲ್ಲದ್ದನ್ನೇ ಕೊಡಿ. ಚಿಕ್ಕ ಪ್ಲಾಸ್ಟಿಕ್ ವೈಲ್ ಆದರೆ ಮುರಿದು ಮೊದಲ ಹನಿ ಚೆಲ್ಲಿ, ಪೊಟ್ಟಣದ ಮೇಲೆ ಬರೆದ ಅವಧಿಯೊಳಗೆ ಮುಗಿಸಿ ಎಸೆಯಬೇಕು. ನಾಳೆಗೆ ಇಡುವಂತಿಲ್ಲ. ಮಾಮೂಲಿ ಬಾಟಲಿಯ ಮೇಲೆ ತೆರೆದ ತಾರೀಕು ಪೆನ್ನಿನಲ್ಲಿ ಬರೆದು ಕೊಡಿ, ಒಂದು ತಿಂಗಳಾದ ಮೇಲೆ ಮಿಕ್ಕಿದ್ದರೂ ಕಸಕ್ಕೆ.

ಯಾವ ಡ್ರಾಪ್ಸ್ ಎಂದರೆ, ಎಣ್ಣೆಯ ಅಂಶ ಬೆರೆಸಿದ ಡ್ರಾಪ್ಸ್ ಈ ತೊಂದರೆಗೆ ಬರೀ ಸಿಎಂಸಿಗಿಂತ ಹೊಂದುತ್ತದೆ. ಪೊಟ್ಟಣದ ಮೇಲೆ ಲಿಪಿಡ್ ಅಥವಾ ಎಮಲ್ಶನ್ ಎಂದಿರುತ್ತದೆ, ಹಾಕುವ ಮುಂಚೆ ಅಲುಗಾಡಿಸಬೇಕು. ಸೋಡಿಯಂ ಹಯಾಲುರೋನೇಟ್ ಕೂಡ ಸರಿ. ಜೆಲ್ ಅಥವಾ ಮುಲಾಮು ರಾತ್ರಿಗೆ ಮಾತ್ರ, ಹಗಲು ಹಾಕಿಕೊಂಡು ಗಾಡಿ ಓಡಿಸುವಂತಿಲ್ಲ. ಎರಡು ಥರದ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ, ಮುಲಾಮು ಎಲ್ಲದರ ಕೊನೆಗೆ.

ಕೆಂಪು ಹೋಗಲಿ ಎಂದು ಕೇಳುವ ಡ್ರಾಪ್ಸ್ ಬಗ್ಗೆ. ನೀವು ಕೇಳದಿದ್ದರೂ ಇದನ್ನು ಹೇಳಲೇಬೇಕು. ಆಂಟಿಬಯೋಟಿಕ್ ಜೊತೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಸೇರಿಸಿದ ಬಾಟಲಿಗಳು ಎರಡು ದಿನದಲ್ಲಿ ಕಣ್ಣು ಬೆಳ್ಳಗೆ ಮಾಡುತ್ತವೆ, ಅದಕ್ಕೇ ಜನ ಹೆಸರು ನೆನಪಿಟ್ಟುಕೊಂಡು ಕೇಳುತ್ತಾರೆ. ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ನರ ಹಾಳಾಗುತ್ತದೆ, ಕಣ್ಣಿನ ಪೊರೆ (ಕ್ಯಾಟರಾಕ್ಟ್) ಬರುತ್ತದೆ. ಒತ್ತಡ ಏರುವುದು ನೋವಿಲ್ಲದೆ. ಗೊತ್ತಾಗುವಾಗ ಪಕ್ಕದ ನೋಟ ಹೋಗಿರುತ್ತದೆ, ಅದು ಮರಳುವುದಿಲ್ಲ. ಚೀಟಿ ಇಲ್ಲದೆ ಕೊಡಬೇಡಿ, ಹಳೇ ಚೀಟಿಗೂ ಕೊಡಬೇಡಿ. ರಕ್ತನಾಳ ಕುಗ್ಗಿಸುವ ನ್ಯಾಫಜೋಲಿನ್ ಥರದವು ಇಷ್ಟು ಅಪಾಯವಲ್ಲ, ಆದರೆ ಬಿಟ್ಟ ಕೂಡಲೇ ಕೆಂಪು ಇಮ್ಮಡಿಯಾಗಿ ಬರುತ್ತದೆ.

ಶಾಖಕ್ಕೆ ಬಗ್ಗದವರಿಗೆ ನಾವು ಬರೆಯುವುದು ಡಾಕ್ಸಿಸೈಕ್ಲಿನ್, ಕೆಲವು ವಾರಗಳಿಂದ ಮೂರು ತಿಂಗಳವರೆಗೆ, ಅಥವಾ ಕಡಿಮೆ ದಿನದ ಅಜಿತ್ರೋಮೈಸಿನ್. ‘ಸೋಂಕಿಲ್ಲದೆ ಆಂಟಿಬಯೋಟಿಕ್ ಯಾಕೆ?’ ಎಂದು ಗಿರಾಕಿ ಕೇಳಿದರೆ ಉತ್ತರ ಹೀಗೆ. ರೆಪ್ಪೆಯಂಚಿನ ಬ್ಯಾಕ್ಟೀರಿಯಾ ಬಿಡುವ ಲಿಪೇಸ್ ಎಂಬ ಕಿಣ್ವ ಎಣ್ಣೆಯನ್ನು ಒಡೆದು ಸೋಪಿನಂತೆ ಮಾಡುತ್ತದೆ. ಕಣ್ಣಿನ ಮೂಲೆಯಲ್ಲಿ ಬಿಳಿ ನೊರೆ ನಿಂತಿರುತ್ತದಲ್ಲ, ಅದು ಇದೇ. ಈ ಮಾತ್ರೆ ಆ ಕಿಣ್ವವನ್ನೂ ಉರಿಯೂತವನ್ನೂ ತಗ್ಗಿಸುತ್ತದೆ. ಡಾಕ್ಸಿಸೈಕ್ಲಿನ್ ಕೊಡುವಾಗ ನೀವು ಹೇಳಬೇಕಾದ್ದು: ಒಂದು ಲೋಟ ತುಂಬ ನೀರಿನ ಜೊತೆ ನುಂಗಬೇಕು, ಅರ್ಧ ಗಂಟೆ ಮಲಗಬಾರದು, ಇಲ್ಲದಿದ್ದರೆ ಅನ್ನನಾಳದಲ್ಲಿ ಹುಣ್ಣಾಗುತ್ತದೆ. ಹಾಲು, ಗ್ಯಾಸಿಗೆ ಕುಡಿಯುವ ಔಷಧ, ಕಬ್ಬಿಣದ ಮಾತ್ರೆ ಜೊತೆಗೆ ಬೇಡ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಬಸುರಿಯರಿಗೆ, ಮೊಲೆಯೂಡಿಸುವವರಿಗೆ, 8 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಅಜಿತ್ರೋಮೈಸಿನ್ ಹೃದಯದ ಬಡಿತದ ತೊಂದರೆ ಇರುವವರಿಗೆ ಆಗದು. ಎರಡೂ ಚೀಟಿಯ ಮೇಲಷ್ಟೇ.

ಉರಿಯೂತ ತಗ್ಗಿಸುವ ಸೈಕ್ಲೋಸ್ಪೋರಿನ್ 0.05 ಶೇಕಡಾ ಡ್ರಾಪ್ಸ್ ಚೀಟಿಯಲ್ಲಿ ಕಂಡರೆ, ಹಾಕಿದಾಗ ಉರಿಯುತ್ತದೆ ಮತ್ತು ಗುಣ ಕಾಣಲು ಎರಡು ಮೂರು ತಿಂಗಳು ಬೇಕು ಎಂಬ ಎರಡು ಮಾತು ನೀವೇ ಹೇಳಿ. ಹೇಳದಿದ್ದರೆ ಎರಡನೇ ಬಾಟಲಿಗೆ ಯಾರೂ ಬರುವುದಿಲ್ಲ.

ಮಾತ್ರೆಡಬ್ಬಿ, ಶಿಡ್ಲಘಟ್ಟ

ಬಾಟಲಿ ಲೆಕ್ಕ ನಿಜವಾಗ್ಲೂ ಹೊಳೆದಿರಲಿಲ್ಲ, ಮೇಡಂ. ಇನ್ನು ನಾಲ್ಕು ವಿಷಯ.

ಫಿಲೇಚರಿನವರು ‘ಇಡೀ ದಿನ ಹಬೆಯಲ್ಲೇ ಕೂತಿರ್ತೀವಿ, ಇನ್ಯಾವ ಶಾಖ’ ಅಂತಾರೆ. ಏನು ಹೇಳಲಿ? ಎರಡು, ‘ಉಷ್ಣ ಆಗಿದೆ’ ಅಂತ ಕಣ್ಣಿಗೇ ಹರಳೆಣ್ಣೆ ಬಿಡ್ತಾರೆ. ಕೊರತೆ ಎಣ್ಣೆಯದೇ ಆದರೆ ಅದು ಸರಿ ಅಲ್ವಾ ಅಂತ ಒಬ್ಬರು ಕೇಳಿದರೆ ನನ್ನ ಹತ್ತಿರ ಉತ್ತರ ಇರಲ್ಲ. ಮೂರು, ಮೀನೆಣ್ಣೆ ಕ್ಯಾಪ್ಸೂಲ್. ನಾಲ್ಕು, ಬೆಂಗಳೂರಲ್ಲಿ ಲೈಟ್ ಹೊಡೆಸಿಕೊಂಡರೆ ಗುಣ ಅಂತ ಯಾರೋ ಹೇಳಿದ್ದಾರೆ, ಅದು ಏನು?

ಬಾಯ್ಲರ್‌ಮನೆ, ಚಿಂತಾಮಣಿ

ಹಬೆಯ ಪ್ರಶ್ನೆಗೆ ನಾನು ಹೇಳ್ತೀನಿ. ಫಿಲೇಚರುಗಳ ಯಂತ್ರ, ಬಾಯ್ಲರ್, ಗಾಳಿಯಾಡಿಕೆ ನೋಡೋ ಕೆಲಸದ ಕಡೆಯಿಂದ.

ಮುಖಕ್ಕೆ ಬಡಿಯೋ ಹಬೆ ಗಾಳಿಯಲ್ಲಿ ಬೆರೆತು ಆರಿರುತ್ತೆ. ಅದು ಬಟ್ಟೆ ಥರ ಅಂಟಿ ಕೂತು ಹತ್ತು ನಿಮಿಷ ಒಂದೇ ಕಾವು ಕೊಡಲ್ಲ. ಅದಕ್ಕಿಂತ ಮುಖ್ಯ, ಆಗ ಕಣ್ಣು ತೆರೆದಿರುತ್ತೆ. ಗೂಡಿನ ಎಳೆ ಕಡಿದಿದ್ದು ಹುಡುಕಿ, ತುದಿ ಹಿಡಿದು ಸೇರಿಸೋ ಕೆಲಸದಲ್ಲಿ ಕಣ್ಣು ಮಿಟುಕಿಸೋದೇ ಮರೆಯುತ್ತೆ. ಮಿಟುಕಿಸಿದರೂ ಅರ್ಧಕ್ಕೇ ನಿಲ್ಲುತ್ತೆ. ಮೇಲೆ ಕಾವು ಎಷ್ಟಿದ್ದರೇನು, ಹಿಂಡೋರಿಲ್ಲ.

ಜೊತೆಗೆ ಗಾಳಿ. ಹಬೆ ಹೋಗಲಿ ಅಂತ ಎದುರಿಗೆ ಫ್ಯಾನ್ ಇಟ್ಟಿರ್ತಾರೆ, ಅದು ನೇರ ಮುಖಕ್ಕೆ. ಫ್ಯಾನನ್ನ ಬೆನ್ನ ಹಿಂದೆ ಅಥವಾ ಪಕ್ಕಕ್ಕೆ ತಿರುಗಿಸಿ, ಹಬೆ ಎಳೆಯೋಕೆ ಬೇಸಿನ್ ಸಾಲಿನ ಮೇಲೆ ಎಗ್ಸಾಸ್ಟ್ ಹಾಕಿದರೆ ಕೆಲಸಕ್ಕೂ ತೊಂದರೆ ಇಲ್ಲ. ಸೌದೆ ಒಲೆಯ ಹೊಗೆ ಕೊಠಡಿಗೆ ವಾಪಸ್ ಬರ್ತಿದ್ದರೆ ಚಿಮಣಿ ಛಾವಣಿಗಿಂತ ಎತ್ತರ ಇಲ್ಲ ಅಂತಲೋ, ಒಳಗೆ ಮಸಿ ಕಟ್ಟಿದೆ ಅಂತಲೋ ಅರ್ಥ. ಪಕ್ಕ ಮುಚ್ಚಿದ ಕನ್ನಡಕ ಗಾಳಿಗೆ ಒಳ್ಳೇದು, ಆದರೆ ಬೇಸಿನ್ ಮುಂದೆ ಗಾಜು ಮಂಜು ಕಟ್ಟಿ ಎಳೆ ಕಾಣಲ್ಲ, ಎರಡು ದಿನಕ್ಕೆ ಗೂಟಕ್ಕೆ ನೇತುಹಾಕ್ತಾರೆ. ಮೇಲೆ ಕೆಳಗೆ ತೂತು ಇರೋದು ಕೊಡಿಸಿ, ಅಥವಾ ಕನ್ನಡಕ ಬೈಕಿಗೆ ಮಾತ್ರ ಅಂತ ಹೇಳಿ. ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡರೂ ಆಯ್ತು.

ಇನ್ನೊಂದು. ಬೇಸಿನ್ ನೀರಿನ ಕೈಯಲ್ಲೇ ಕಣ್ಣು ಉಜ್ಜೋದು. ಗೂಡಿನ ಅಂಟು ಸೆರಿಸಿನ್, ಹುಳದ ಪುಡಿ ಎರಡೂ ಕೆಲವರಿಗೆ ಅಲರ್ಜಿ ಮಾಡುತ್ತೆ. ಕೆಲಸದ ಜಾಗದಲ್ಲಿ ಬೇರೆ ಕೊಳಾಯಿ, ಸೋಪು ಇರಲಿ.

ಸ್ಲಿಟ್‌ಲ್ಯಾಂಪ್, ಕೋಲಾರ

ಅಲರ್ಜಿ ಮಾತು ಬಂದಿದ್ದು ಒಳ್ಳೇದಾಯ್ತು. ಕೌಂಟರಲ್ಲಿ ಒಂದು ಪ್ರಶ್ನೆ ಸೇರಿಸಿಕೊಳ್ಳಿ: ‘ಉರಿಯೋ ನವೆಯೋ?’ ನವೆ ಮುಂದಿದ್ದು, ಎಳೆ ಎಳೆ ಗೀಜು ಬಂದರೆ ಅಲರ್ಜಿ ಕಡೆಗೆ ತೂಗುತ್ತೆ. ಉರಿ, ಚುಚ್ಚು, ಸಂಜೆಗೆ ಹೆಚ್ಚು ಅಂದರೆ ಎಣ್ಣೆ ಕಡೆಗೆ. ಇಬ್ಬರಿಗೂ ಅಲರ್ಜಿ ಮಾತ್ರೆ ಸೆಟ್ರಿಜಿನ್ ಕೊಟ್ಟರೆ ಎರಡನೆಯವರಿಗೆ ಕಣ್ಣು ಇನ್ನೂ ಒಣಗುತ್ತೆ. ಮೊಡವೆಗೆ ಐಸೊಟ್ರೆಟಿನಾಯಿನ್ ತಗೊಳ್ತಿರೋ ಹುಡುಗ ಹುಡುಗಿಯರನ್ನೂ ಕೇಳಿ, ಅದು ಈ ಗ್ರಂಥಿಗಳನ್ನೇ ಕುಗ್ಗಿಸುತ್ತೆ. ಕಾಡಿಗೆ, ಸುರ್ಮಾ ರೆಪ್ಪೆಯ ಒಳ ಅಂಚಿಗೆ ಎಳೆದರೆ ಗ್ರಂಥಿಯ ಬಾಯಿ ಮೇಲೇ ಬಳಿದ ಹಾಗೆ. ಸುರ್ಮಾದಲ್ಲಿ ಸೀಸವೂ ಇರಬಹುದು. ಹಚ್ಚಲೇಬೇಕು ಅನ್ನೋರು ಕೂದಲ ಹೊರಗೆ ಹಚ್ಚಲಿ, ರಾತ್ರಿ ಒರೆಸಲಿ.

ಮಿಟುಕಿಸೋ ಅಭ್ಯಾಸ ಕಾಸಿಲ್ಲದ ಔಷಧ. ಮೆತ್ತಗೆ ಮುಚ್ಚಿ ಎರಡು ಸೆಕೆಂಡ್, ತೆರೆದು, ಮತ್ತೆ ಮುಚ್ಚಿ ಎರಡು ಸೆಕೆಂಡ್, ಈ ಸಲ ತುಸು ಬಿಗಿ ಹಿಡಿದು ಬಿಡೋದು. ಇಂಥ ಐದು. ಬಿಚ್ಚಾಣಿಕೆಯಲ್ಲಿ ಗೂಡು ಬದಲಾಯಿಸೋ ಪ್ರತಿ ಸಲ, ಕಂಪ್ಯೂಟರ್ ಮುಂದಿನವರಿಗೆ ಇಪ್ಪತ್ತು ನಿಮಿಷಕ್ಕೊಮ್ಮೆ. ಆರಾಮಾಗಿ ಕೂತಾಗ ನಿಮಿಷಕ್ಕೆ 15-20 ಸಲ ಮಿಟುಕಿಸೋ ಕಣ್ಣು, ಪರದೆ ನೋಡುವಾಗ ಅದರ ಅರ್ಧಕ್ಕೂ ಕಡಿಮೆ ಮಾಡುತ್ತೆ.

ಮನೆಯಲ್ಲೇ ಒರಟಾಗಿ ನೋಡಿಕೊಳ್ಳೋಕೆ: ಫ್ಯಾನ್ ಆರಿಸಿ, ಎರಡು ಸಲ ಮಿಟುಕಿಸಿ, ಉರಿ ಶುರುವಾಗುವವರೆಗೆ ತೆರೆದಿಟ್ಟು ಎಣಿಸೋದು. ಹತ್ತರೊಳಗೇ ಮುಚ್ಚಬೇಕು ಅನಿಸಿದರೆ ಪೊರೆ ಬೇಗ ಹರಿಯುತ್ತಿದೆ. ಕ್ಲಿನಿಕ್ಕಿನಲ್ಲಿ ಇದನ್ನೇ ಹಳದಿ ಬಣ್ಣ ಹಾಕಿ ನೀಲಿ ಬೆಳಕಲ್ಲಿ ನೋಡ್ತಾರೆ. ಮೊದಲ ಕಪ್ಪು ಚುಕ್ಕೆ 10 ಸೆಕೆಂಡಿನೊಳಗೆ ಬಂದರೆ ತೊಂದರೆ, 5ರೊಳಗೆ ಅಂದರೆ ಜೋರು. ಕಾಗದದ ಪಟ್ಟಿ ಇಟ್ಟು ಐದು ನಿಮಿಷ ನೀರು ಅಳೆಯೋ ಶಿರ್ಮರ್ ಪರೀಕ್ಷೆ ಇವರಲ್ಲಿ ಎಷ್ಟೋ ಸಲ ಸರಿಯಾಗೇ ಬರುತ್ತೆ, ಕೆಟ್ಟಿರೋದು ಎಣ್ಣೆ ತಾನೇ. ‘ಟೆಸ್ಟ್ ನಾರ್ಮಲ್, ಏನೂ ಇಲ್ಲ’ ಅಂತ ಕಾಗದದ ಪಟ್ಟಿ ಒಂದನ್ನೇ ನಂಬಿ ಮನೆಗೆ ಹೋದವರಿದ್ದರೆ ರೆಪ್ಪೆ ಒತ್ತಿ ನೋಡಿದ್ದಾರಾ ಅಂತ ಕೇಳಿ.

ರೆಪ್ಪೆಗೂದಲು, ತುಮಕೂರು

ಹರಳೆಣ್ಣೆ. ಪ್ರಶ್ನೆ ದಡ್ಡತನದ್ದಲ್ಲ. ಹರಳೆಣ್ಣೆ ಸೇರಿಸಿದ ಕಣ್ಣಿನ ಡ್ರಾಪ್ಸ್ ಇವೆ, ಅದು ಪೊರೆಯ ಮೇಲೆ ಹರಡಿ ನಿಲ್ಲುತ್ತದೆ ಎಂಬುದೂ ನಿಜ. ಆದರೆ ಅದರಲ್ಲಿ ಎಣ್ಣೆ ಅತಿ ಸಣ್ಣ ಪ್ರಮಾಣದಲ್ಲಿ, ನೀರಿನಲ್ಲಿ ನುಣ್ಣಗೆ ಬೆರೆಸಿ, ಸೂಕ್ಷ್ಮಾಣು ಇಲ್ಲದಂತೆ ಮಾಡಿರುತ್ತದೆ. ಗಾಣದ ಎಣ್ಣೆಯಲ್ಲಿ ಕಾಳಿನ ಚರಟ, ಧೂಳು, ಬ್ಯಾಕ್ಟೀರಿಯಾ ಎಲ್ಲವೂ ಇವೆ. ಸವೆದ ಕಾರ್ನಿಯಾದ ಮೇಲೆ ಅದು ಬಿದ್ದರೆ ಹುಣ್ಣು, ಹುಣ್ಣು ಮಾಗಿದರೂ ಬಿಳಿ ಕಲೆ. ನೆತ್ತಿಗೆ ಎಷ್ಟಾದರೂ ಹಚ್ಚಲಿ, ಕಣ್ಣೊಳಗೆ ಬೇಡ. ಜೇನುತುಪ್ಪ, ಎದೆಹಾಲು, ಹಸುವಿನ ತುಪ್ಪಕ್ಕೂ ಇದೇ ಉತ್ತರ.

ಟೀ ಟ್ರೀ ಎಣ್ಣೆಯೂ ಈಗ ಆನ್‌ಲೈನಲ್ಲಿ ಬರುತ್ತಿದೆ. ರೆಪ್ಪೆಗೂದಲ ಬುಡಕ್ಕೆ ಕೊಳವೆಯಂತೆ ಮೇಣದ ಹೊಟ್ಟು ಸುತ್ತಿದ್ದರೆ ಡೆಮೊಡೆಕ್ಸ್ ಎಂಬ ಕಣ್ಣಿಗೆ ಕಾಣದ ಹುಳ ಇರುವ ಗುರುತು. ಅದಕ್ಕೆ ಟೀ ಟ್ರೀ ಅಂಶದ ವೈಪ್ಸ್ ಉಪಯೋಗ, ಸುಮಾರು ಆರು ವಾರ, ಹುಳದ ಎರಡು ತಲೆಮಾರು ಮುಗಿಯಬೇಕು. ಆದರೆ ಸೀಸೆಯಲ್ಲಿ ಬರುವ ಅಪ್ಪಟ ಎಣ್ಣೆ ಕಾರ್ನಿಯಾ ಸುಡುತ್ತದೆ. ಮಾರಬೇಡಿ.

ಮೀನೆಣ್ಣೆ. 2018ರಲ್ಲಿ ಅಮೆರಿಕದ ‘ಡ್ರೀಮ್’ ಅಧ್ಯಯನದಲ್ಲಿ ದಿನಕ್ಕೆ 3 ಗ್ರಾಂ ಒಮೆಗಾ-3 ಒಂದು ವರ್ಷ ತೆಗೆದುಕೊಂಡವರಿಗೂ ಆಲಿವ್ ಎಣ್ಣೆಯ ಕ್ಯಾಪ್ಸೂಲ್ ತೆಗೆದುಕೊಂಡವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆಮೇಲೂ ವೈದ್ಯರಲ್ಲಿ ಎರಡು ಮಾತಿದೆ. ನನ್ನ ಅಭಿಪ್ರಾಯ ಕೇಳಿದರೆ, ಆ ದುಡ್ಡಿಗೆ ಪ್ರಿಸರ್ವೇಟಿವ್ ಇಲ್ಲದ ಡ್ರಾಪ್ಸ್ ಕೊಳ್ಳುವುದು ಮೇಲು.

‘ಲೈಟ್’ ಎಂದರೆ ಐಪಿಎಲ್, ಜೋರು ಬೆಳಕಿನ ಮಿಂಚುಗಳನ್ನು ರೆಪ್ಪೆಯ ಕೆಳಗೆ ಕೆನ್ನೆಯ ಮೇಲೆ ಬಿಡುವುದು. ಮಾಮೂಲಿಗೆ ಮೂರು ನಾಲ್ಕು ಸಲ, ನಡುವೆ ಎರಡರಿಂದ ನಾಲ್ಕು ವಾರ. ಕೆಲಸ ಮಾಡುತ್ತದೆ, ಆದರೆ ಆ ಬೆಳಕನ್ನು ಚರ್ಮದ ಕಪ್ಪು ವರ್ಣವೂ ಹೀರುತ್ತದೆ. ಮೈಬಣ್ಣವನ್ನು ಆರು ದರ್ಜೆ ಮಾಡುವ ಫಿಟ್ಸ್‌ಪ್ಯಾಟ್ರಿಕ್ ಲೆಕ್ಕದಲ್ಲಿ ಐದು, ಆರನೆಯವರಿಗೆ ಸಾಮಾನ್ಯವಾಗಿ ಮಾಡುವುದಿಲ್ಲ, ಸುಟ್ಟ ಕಲೆ ಉಳಿಯುತ್ತದೆ. ಬಿಸಿಲಲ್ಲಿ ದುಡಿಯುವ ನಮ್ಮವರಲ್ಲಿ ಎಷ್ಟೋ ಜನ ಆ ಗಡಿಯಲ್ಲೇ ಇದ್ದಾರೆ. ಹೋಗುವವರು ಚರ್ಮದ ದರ್ಜೆ ನೋಡುತ್ತಾರೆಯೇ, ಕಿವಿಯ ಹತ್ತಿರ ಚಿಕ್ಕ ಜಾಗದಲ್ಲಿ ಮೊದಲು ಹೊಡೆದು ನೋಡುತ್ತಾರೆಯೇ, ಕಣ್ಣಿಗೆ ಕವಚ ಹಾಕುತ್ತಾರೆಯೇ ಎಂದು ಕೇಳಲಿ. ಬಣ್ಣದ ಗೊಡವೆ ಇಲ್ಲದ್ದು ರೆಪ್ಪೆಯನ್ನು ಒಳಗಿನಿಂದ ಬಿಸಿ ಮಾಡಿ ಹಿಂಡುವ ಲಿಪಿಫ್ಲೋ ಯಂತ್ರ, 42.5 ಡಿಗ್ರಿಯಲ್ಲಿ 12 ನಿಮಿಷ, ದುಬಾರಿ. ಎರಡಕ್ಕೂ ಮೊದಲು ಇನ್ಫ್ರಾರೆಡ್ ಕ್ಯಾಮೆರಾದಲ್ಲಿ ಗ್ರಂಥಿಗಳ ಚಿತ್ರ ತೆಗೆಸಬೇಕು. ಒಣಗಿ ಮಾಯವಾದ ಗ್ರಂಥಿಗೆ ಬೆಳಕೂ ಇಲ್ಲ, ಶಾಖವೂ ಇಲ್ಲ. ಇರುವುದನ್ನು ಉಳಿಸಿಕೊಳ್ಳುವುದಷ್ಟೇ.

ಈಗ ಯಾರನ್ನು ಕಳಿಸಬೇಕು ಎಂಬುದು. ನೋವು, ಬೆಳಕು ನೋಡಲಾಗದಿರುವುದು, ಮಿಟುಕಿಸಿದರೂ ತಿಳಿಯಾಗದ ಮಂಜು, ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ: ಅದೇ ದಿನ. ಒಂದೇ ಕಣ್ಣಿನದು ವಾರಗಟ್ಟಲೆ ಇದ್ದರೆ ಕಳಿಸಿ, ಗ್ರಂಥಿಯ ತೊಂದರೆ ಸಾಮಾನ್ಯವಾಗಿ ಎರಡೂ ಕಣ್ಣಿಗೆ ಬರುತ್ತದೆ. ಬಾಯಿಯೂ ಒಣಗಿ ರೊಟ್ಟಿ ನುಂಗಲು ನೀರು ಬೇಕು, ಕೀಲುನೋವೂ ಇದೆ ಎನ್ನುವವರಿಗೆ ಶೋಗ್ರೆನ್ ಕಾಯಿಲೆಯ (ದೇಹದ ರಕ್ಷಣಾ ವ್ಯವಸ್ಥೆಯೇ ಕಣ್ಣೀರು, ಜೊಲ್ಲಿನ ಗ್ರಂಥಿಗಳನ್ನು ಕೆಡಿಸುವುದು) ಪರೀಕ್ಷೆ ಆಗಬೇಕು. ಕ್ಯಾಟರಾಕ್ಟ್ ಪೊರೆಯ ಆಪರೇಷನ್ನಿಗೆ ತಾರೀಕು ಸಿಕ್ಕವರು ಕಣ್ಣುರಿ ಇದ್ದರೆ ಮೊದಲೇ ಹೇಳಲಿ. ಕಣ್ಣೀರಿನ ಪೊರೆ ಹರಿದ ಕಣ್ಣಿನಲ್ಲಿ ಲೆನ್ಸಿನ ಅಳತೆ ತಪ್ಪಬಹುದು.

ಮತ್ತೆ ಒಂದು, ಇದನ್ನು ದಯವಿಟ್ಟು ಮರೆಯಬೇಡಿ. ರೆಪ್ಪೆಯ ಕುರು ಈ ತೊಂದರೆ ಇರುವವರಿಗೆ ಆಗಾಗ ಬರುತ್ತದೆ, ಶಾಖಕ್ಕೆ ಇಳಿಯುತ್ತದೆ. ಆದರೆ ವಯಸ್ಸಾದವರಲ್ಲಿ ಅದೇ ಜಾಗದಲ್ಲಿ ಮತ್ತೆ ಮತ್ತೆ ಗಂಟು, ಗಂಟಿನ ಮೇಲೆ ಕೂದಲು ಉದುರಿದೆ, ಅಂಚು ದಪ್ಪವಾಗಿ ಹಳದಿಯಾಗಿದೆ ಎಂದರೆ ಶಾಖ ಹೇಳಿ ಕಳಿಸಬೇಡಿ. ಇದೇ ಎಣ್ಣೆ ಗ್ರಂಥಿಯ ಕ್ಯಾನ್ಸರ್ ಕುರುವಿನ ವೇಷದಲ್ಲಿ ಬರುತ್ತದೆ, ಪಶ್ಚಿಮ ದೇಶಗಳಿಗಿಂತ ನಮ್ಮಲ್ಲಿ ಹೆಚ್ಚು. ತುಂಡು ತೆಗೆದು ಪರೀಕ್ಷೆಗೆ ಕಳಿಸಬೇಕು. ಜಿಲ್ಲಾ ಆಸ್ಪತ್ರೆಯಿಂದ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ಬರೆಸಿಕೊಂಡು ಹೋದರೆ ಸರ್ಕಾರಿ ಕಡೆಯಲ್ಲೇ ಆಗುತ್ತದೆ.

ಮಾತ್ರೆಡಬ್ಬಿ, ಶಿಡ್ಲಘಟ್ಟ

ಹಾಟ್‌ಬಾಕ್ಸ್ ಅಳತೆಯನ್ನ ಒಂದು ಚೀಟಿಯಲ್ಲಿ ಕನ್ನಡ, ಉರ್ದು, ತೆಲುಗು ಮೂರರಲ್ಲೂ ಬರೆಸಿ ಡ್ರಾಪ್ಸ್ ಜೊತೆ ಕೊಡ್ತೀನಿ. ಕೊನೇದು: ಶಾಖಕ್ಕೂ ಡ್ರಾಪ್ಸಿಗೂ ಯಾವುದು ಮೊದಲು?

ಸ್ಲಿಟ್‌ಲ್ಯಾಂಪ್, ಕೋಲಾರ

ಶಾಖ, ತಿಕ್ಕೋದು, ಒರೆಸೋದು, ಆಮೇಲೆ ಡ್ರಾಪ್ಸ್. ಮೊದಲೇ ಹಾಕಿದರೆ ಬಟ್ಟೆ ಕುಡಿದುಬಿಡುತ್ತೆ. ಚೀಟಿಯಲ್ಲಿ ‘ಕೊಳಾಯಿ ನೀರು ಮೊದಲು, ಕುದಿಯೋ ನೀರು ಆಮೇಲೆ’ ಅನ್ನೋದನ್ನ ದಪ್ಪ ಅಕ್ಷರದಲ್ಲಿ ಹಾಕಿಸಿ. ತಿರುಗಾಮುರುಗಾ ಮಾಡಿ, ತಣ್ಣೀರು ಹಾಕೋದು ಮರೆತು ಬಟ್ಟೆ ಅದ್ದೋರು ಇರ್ತಾರೆ.